ಕಜ್ಜಾಯ ತಟ್ಟಿದ ಮಲೇರಿಯಾದವನು

ಆಗ ನಾನು ಮಲೇರಿಯಾ ಕೆಲಸದವನು. ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಹಿಡಿದು ಪರೀಕ್ಷೆಗೆ ಕಳಿಸಬೇಕು. ದೀಪಾವಳಿಯ ಹಿಂದಿನ ದಿನ ಹಾಗಲವಾಡಿಯ ಒಂದು ಮನೆಯೊಳಗೆ ಕಾಲಿಟ್ಟು, "ಯಾರಿಗಾದ್ರೂ ಜ್ವರ ಬಂದಿತ್ತಾ?" ಅಂದೆ. ಒಲೆ ಮುಂದಿದ್ದ ಅಜ್ಜಿ ಆಗಷ್ಟೇ ಬಿಟ್ಟ ಮೊದಲ ಕಜ್ಜಾಯ ಎಣ್ಣೆಯಲ್ಲೇ ಒಡೆದು ಪುಡಿಪುಡಿಯಾಯಿತು.

"ನಿನ್ ಕಣ್ಣೇ ಕಣಯ್ಯಾ! ಕೂತ್ಕೊ. ನೀನೇ ಒಂದು ತಟ್ಟಿ ಬುಡು, ದೃಷ್ಟಿ ಹೋಗ್ಲಿ. ಇಲ್ದಿದ್ರೆ ನಾಳೆ ಎಡೆಗೆ ಏನಿಡ್ಲಿ?"

ಅಜ್ಜಿಯ ಕೈಯಲ್ಲಿ ಕಾದ ಜಾಲರಿ ಸೌಟು. ನಾನು ತಟ್ಟಿದ್ದೂ ಒಡೆದರೆ? ಬಾಳೆಲೆ ಮೇಲೆ ತಟ್ಟಿ ಎಣ್ಣೆಗೆ ಬಿಟ್ಟೆ. ಉಬ್ಬಿ ಮೇಲೆ ಬಂತು.

"ಜ್ವರ ಬಂದಿದ್ದು ನಂಗೇ, ಈಗ ಚುಚ್ಚು," ಅಂತ ಅಜ್ಜಿ ಬೆರಳು ಚಾಚಿದರು. ಕೈಗೆ ಹತ್ತಿದ ಎಣ್ಣೆಗೆ ಸೂಜಿ ಜಾರಿ ನನ್ನ ಬೆರಳಿಗೇ ನಾಟಿತು.

ಅಜ್ಜಿ ಗಾಜನ್ನು ನನ್ನ ಬೆರಳಿನ ಕೆಳಕ್ಕೆ ತಳ್ಳಿದರು. "ಇದ್ನೇ ಕಳ್ಸು ಬುಡು."