ನಂಜಪ್ಪನವರು ಮಣ್ಣಿಗಿಟ್ಟ ಮೇಣದ ಬಿಲ್ಲೆ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಂಜಪ್ಪನವರ ವ್ಯಾಪಾರ ಎಷ್ಟೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಯಾರ ಮನೆಯವರು ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿ ಮಲಗಿದ್ದಾರೆ ಎಂಬುದು ನಂಜಪ್ಪನವರಿಗೆ ಚೆನ್ನಾಗಿ ಗೊತ್ತು. ಬಂಧುಗಳಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ ಮೊದಲು ಅವರಿಗೆ ಫೋನು, ಆಮೇಲೆ ಆಂಬುಲೆನ್ಸಿಗೆ. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ರೋಗಿಯ ಫೈಲು. ಹೀಗೆ ಅವರು ಒಳಗೆ ಬಂದರೆ ಎದ್ದು ನಿಲ್ಲಬೇಕೋ ಬೇಡವೋ ಎಂದು ಹೊಸ ಡಾಕ್ಟರುಗಳು ಒಂದು ಗಳಿಗೆ ಅನುಮಾನಿಸುತ್ತಾರೆ. ರೋಗಿ ಎಲ್ಲೋ ಬಾಗಿಲ ಬಳಿ ನಿಂತಿರುತ್ತಾನೆ. "ನಮಗೆ ಶುಗರ್ ಇದೆ ಡಾಕ್ಟ್ರೇ, ರಾತ್ರಿಯೆಲ್ಲ ಕಾಲು ಸೆಳೆಯುತ್ತೆ" ಎಂದು ನಂಜಪ್ಪನವರು ಶುರು ಮಾಡುತ್ತಾರೆ. ಷಡ್ಡಕರ ಸೊಸೆಯನ್ನು ಕರೆದುಕೊಂಡು ಹೋದಾಗ ಅದೇ ಅಭ್ಯಾಸಬಲದಿಂದ "ನಮಗೀಗ ಏಳು ತಿಂಗಳು" ಎಂದುಬಿಟ್ಟಿದ್ದರಂತೆ.

ಬೇಲೂರಿಗೆ ಕೊಟ್ಟ ತಂಗಿ ದ್ರಾಕ್ಷಾಯಣಿಯ ಕೆನ್ನೆಯೊಳಗೆ ಮಾಯದ ಹುಣ್ಣು ಎದ್ದಾಗಲೂ ಫೈಲು ತಾನಾಗಿಯೇ ಅವರ ಕಂಕುಳಿಗೆ ಬಂತು. ದ್ರಾಕ್ಷಾಯಣಿಯ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ರವಿಕೆ ಹೊಲಿದೇ ಆಕೆ ಮಗಳು ಅಕ್ಷತಾಳನ್ನು ಓದಿಸಿ ಹೈಸ್ಕೂಲು ಮೇಡಂ ಮಾಡಿದ್ದಳು. ಹೊಲಿಗೆಯ ಮಿಷನ್ನು ನಡೆಯುವಷ್ಟು ಹೊತ್ತೂ ಬಾಯಲ್ಲಿ ಎಲೆ, ಅಡಿಕೆ, ಕಡ್ಡಿಪುಡಿ ಇರಬೇಕು. ಬಿಡಿಸಲು ಮಗಳು ಹೇಳಿ ಸೋತಿದ್ದಳು.

ಹಾಸನದ ಒಂದು ಕಡೆ ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಚೂರು ಎಂದರೆ ಕಡಲೆಕಾಳಿಗಿಂತ ಚಿಕ್ಕದು. ಆದರೆ ಇಕ್ಕಳ ಹಾಕಿ ಕಿತ್ತಾಗ ಮರಗಟ್ಟಿಸುವ ಸೂಜಿ ಸರಿಯಾಗಿ ಹಿಡಿದಿರಲಿಲ್ಲ. ಹೊರಗೆ ಬಂದ ದ್ರಾಕ್ಷಾಯಣಿ ಅಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದು, "ಅಣ್ಣಯ್ಯ, ಏನ್ ಬೇಕಾದ್ರೂ ಚುಚ್ಚಲಿ, ಕುಡಿಸಲಿ. ಇನ್ನೊಂದ್ಸಲ ಕೀಳೋಕೆ ಮಾತ್ರ ಬಿಡಬೇಡ" ಎಂದಳು. "ನಾನಿಲ್ವೇನೇ?" ಎಂದರು ನಂಜಪ್ಪನವರು.

ಕ್ಯಾನ್ಸರ್ ಎಂದು ಖಾತ್ರಿಯಾಗಿ ಮೈಸೂರಿಗೆ ಹೋದರು. ಅಲ್ಲಿಯವರು ಹಾಸನದ ಚೂರನ್ನು ಇನ್ನೊಮ್ಮೆ ನೋಡಿ, ಹೌದೆಂದು ಹೇಳಿ, ಅದನ್ನು ವಾಪಸು ಕೊಟ್ಟರು. ಅಂಚೆಚೀಟಿಯ ಅಗಲದ ಪ್ಲಾಸ್ಟಿಕ್ ಚೌಕಟ್ಟು. ಅದರ ಮೇಲೆ ಬಿಳಿ ಮೇಣದ ಬಿಲ್ಲೆ. ಮೇಣದೊಳಗೆ ದ್ರಾಕ್ಷಾಯಣಿಯ ಕೆನ್ನೆಯ ಚೂರು. ಅವರ ಭಾಷೆಯಲ್ಲಿ ಬ್ಲಾಕ್. "ಭದ್ರವಾಗಿ ಇಟ್ಕೊಳ್ಳಿ, ಮುಂದೆ ಬೇಕಾಗಬಹುದು" ಎಂದು ಕಿಟಕಿಯಾಚೆಯ ಹುಡುಗಿ ಹೇಳಿದಳು. ಅಕ್ಷತಾ ಕೈ ಚಾಚಿದಳು. ಅಷ್ಟರಲ್ಲಿ ಬಿಲ್ಲೆ ನಂಜಪ್ಪನವರ ಜೇಬು ಸೇರಿತ್ತು.

"ಮಾವ, ನನ್ನ ಹತ್ರ ಇರ್ಲಿ ಕೊಡಿ."

"ನೀನು ಸ್ಕೂಲು ನೋಡ್ಕೊಳಮ್ಮ. ಇಂಥಾವೆಲ್ಲ ನನಗೆ ಬಿಡು."

ಮನೆಗೆ ತಂದ ಮೇಲೆ ನಂಜಪ್ಪನವರಿಗೆ ತಾಪತ್ರಯ ಶುರುವಾಯಿತು. ದಿನಾ ಇಷ್ಟಲಿಂಗ ಪೂಜೆ ಆಗುವ ಮನೆ. ಮೊಟ್ಟೆ ಹಾಕಿದ ಕೇಕು ಕೂಡ ಹೊಸಲು ದಾಟಿಲ್ಲ. ಈಗ ಅಲ್ಲಿ ಮಾಂಸದ ಚೂರು, ಅದೂ ರೋಗದ್ದು. ದೇವರ ಕೋಣೆಯ ಪಕ್ಕದ ಬೀರುವಿನಲ್ಲಿಟ್ಟರೆ ಪೂಜೆಯಲ್ಲಿ ಮನಸ್ಸು ನಿಲ್ಲದು. ಫ್ರಿಜ್ಜಿನಲ್ಲಿಟ್ಟರೆ ಹಾಲು ಮೊಸರಿನ ಪಕ್ಕ. ಕಸಕ್ಕೆ ಹಾಕಲು ಅದು ತಂಗಿಯ ಮೈ. ಕೊನೆಗೆ ಅವರಿಗೆ ಒಂದು ಉಪಾಯ ಹೊಳೆಯಿತು. ತಮಗೆ ಹೊಳೆದ ಉಪಾಯವನ್ನು ಇನ್ನೊಬ್ಬರ ಹತ್ತಿರ ಕೇಳಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಅವರ ಜನರಲ್ಲಿ ದೇಹವನ್ನು ಸುಡುವುದಿಲ್ಲ, ಮಣ್ಣಿಗಿಡುತ್ತಾರೆ. ಆಸ್ಪತ್ರೆಯಲ್ಲಿ ಕಾಲು ತೆಗೆಸಿಕೊಂಡವರ ಕಾಲನ್ನೂ ಹಾಗೆಯೇ ತಂದು ಮಣ್ಣಿಗಿಟ್ಟದ್ದುಂಟು. ಕೆನ್ನೆಯ ಚೂರು ಮಾತ್ರ ಏನು ಪಾಪ ಮಾಡಿತ್ತು?

ಏನು, ಯಾರದ್ದು ಎಂದು ಬಿಡಿಸಿ ಹೇಳದೆ, "ದೇಹದ ಒಂದು ಭಾಗ" ಎಂದಷ್ಟೇ ಹೇಳಿ ಅಯ್ನೋರನ್ನು ಜಾವಗಲ್ ಕಡೆಯ ತಮ್ಮ ತೆಂಗಿನ ತೋಟಕ್ಕೆ ಕರೆದೊಯ್ದರು. ಅಯ್ನೋರಿಗೆ ಅದೇ ದಿನ ಒಂದು ಗೃಹಪ್ರವೇಶವಿತ್ತು. ವಿಭೂತಿ, ಬಿಲ್ವಪತ್ರೆ, ಎರಡು ಮಂತ್ರ, ಒಂದು ಹಿಡಿ ಮಣ್ಣು. ಬಿಲ್ಲೆ ಭೂಮಿ ಸೇರಿತು. ಇದಕ್ಕಿಂತ ಭದ್ರ ಬೇರೆ ಯಾವುದಿದೆ ಎಂದುಕೊಂಡು ನಂಜಪ್ಪನವರು ಕೈ ತೊಳೆದರು.

ಮೊದಲು ಕೀಮೋ ಕೊಟ್ಟು ಗಡ್ಡೆ ಸಣ್ಣದು ಮಾಡಿ, ಆಮೇಲೆ ಆಪರೇಷನ್ ಎಂದು ಮೈಸೂರಿನಲ್ಲಿ ತೀರ್ಮಾನವಾಗಿತ್ತು. ದ್ರಾಕ್ಷಾಯಣಿಯ ತಲೆಗೂದಲು ಉದುರಿತು, ನಾಲಗೆಗೆ ರುಚಿ ಹೋಯಿತು, ಗಂಜಿಯೂ ಗಂಟಲಲ್ಲಿ ಇಳಿಯದಾಯಿತು. ನಂಜಪ್ಪನವರು ಪ್ರತಿ ಸಲವೂ ಜೊತೆಗಿದ್ದು, ಡ್ರಿಪ್ಪಿನ ಹನಿ ನಿಧಾನವಾಯಿತೆಂದು ನರ್ಸುಗಳಿಗೆ ತಿಳಿವಳಿಕೆ ಹೇಳಿ ಬಂದರು. ಅಷ್ಟೆಲ್ಲ ಆದ ಮೇಲೆ ಸ್ಕ್ಯಾನ್ ಮಾಡಿದರೆ, ಗಡ್ಡೆ ಇದ್ದಲ್ಲೇ ಇತ್ತು. ಸ್ವಲ್ಪ ದಪ್ಪವೂ ಆಗಿತ್ತು.

ಡಾಕ್ಟರ್ ಲತಾಮಣಿ ಫೈಲನ್ನು ನಂಜಪ್ಪನವರಿಂದ ತೆಗೆದುಕೊಂಡು, ಕುರ್ಚಿಯನ್ನು ದ್ರಾಕ್ಷಾಯಣಿಯ ಕಡೆ ತಿರುಗಿಸಿದರು.

"ನಾವು ಕೊಟ್ಟ ಔಷಧಿ ಗಡ್ಡೆಯ ಒಂದೊಂದು ಕಣದ ಒಳಗೂ ಹೋಗಿ ಅಲ್ಲಿರೋ ಎಳೆ ಹರಿಯುತ್ತೆ ಅಮ್ಮ. ಹರಿದ್ರೆ ಕಣ ಸಾಯಬೇಕು. ಕೆಲವರ ಗಡ್ಡೆ ಮಾತ್ರ ಹರಿದದ್ದನ್ನೆಲ್ಲ ಮತ್ತೆ ಕೂಡಿಸ್ಕೊಂಡುಬಿಡುತ್ತೆ. ನಿಮ್ಮದೂ ಹಾಗೇ ಇರಬೇಕು."

ದ್ರಾಕ್ಷಾಯಣಿ ಬಾಯಿ ಪೂರ್ತಿ ತೆರೆಯಲಾಗದೆ, "ನನ್ ಕಸುಬೇ ಕಲ್ತ್ಬಿಟ್ಟಿದೆ ನೋಡಿ ಮುಂಡೇದು" ಎಂದಳು.

ಡಾಕ್ಟರು ನಕ್ಕರು. "ಯಾವ ಗಡ್ಡೆ ಯಾವುದಕ್ಕೆ ಬಗ್ಗುತ್ತೆ ಅನ್ನೋದಕ್ಕೆ ಒಂದೆರಡು ಗುರುತು ಇರ್ತವೆ. ಬಯೋಮಾರ್ಕರ್ ಅಂತೀವಿ. ಒಂದು ಪ್ರೋಟೀನು ಜಾಸ್ತಿ ಕಂಡ್ರೆ, ನಿಮ್ಮ ಮೈಯ ಶಕ್ತಿಯನ್ನೇ ಗಡ್ಡೆ ಮೇಲೆ ಬಿಡೋ ಬೇರೆ ಔಷಧಿ ನೋಡಬಹುದು. ಗ್ಯಾರಂಟಿ ಅನ್ನಲ್ಲ. ಕತ್ತಲಲ್ಲಿ ಹುಡುಕೋದು ಕಮ್ಮಿ ಆಗುತ್ತೆ ಅಷ್ಟೆ. ಹಾಸನದ ಬ್ಲಾಕ್ ನಿಮ್ಮ ಹತ್ರಾನೇ ಇದೆಯಲ್ಲ? ಅದರಲ್ಲೇ ನೋಡಬಹುದು, ಮತ್ತೆ ಕೀಳೋದು ಬೇಡ."

ಕೀಳೋದು ಬೇಡ ಎಂಬ ಮಾತಿಗೆ ದ್ರಾಕ್ಷಾಯಣಿಯ ಮುಖ ಬಿಚ್ಚಿಕೊಂಡಿತು. ಆಕೆ ಅಣ್ಣನ ಕಡೆ ತಿರುಗಿದಳು.

"ಇದೆ, ಇದೆ. ಭದ್ರವಾಗಿದೆ" ಎಂದರು ನಂಜಪ್ಪನವರು. ಅವರ ಧ್ವನಿ ಅಷ್ಟು ಸಣ್ಣದಾಗಬಹುದೆಂದು ಆ ಕೋಣೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಆ ಸಂಜೆ ಹೆಂಡತಿ ಉಷಾರಾಣಿಯ ಮುಂದೆ ವಿಷಯ ಬಾಯಿಬಿಟ್ಟರು. ಕೇಳಿದ ಆಕೆ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು.

"ಏನ್ರೀ ನೀವು, ಬದುಕಿರೋ ತಂಗೀಗೆ ಮಣ್ಣು ಕೊಟ್ಟು ಬಂದಿದೀರಲ್ರೀ!"

ಅಲ್ಲಿಯವರೆಗೆ ನಂಜಪ್ಪನವರಿಗೆ ಅದು ಒಂದು ವಸ್ತುವನ್ನು ವಿಲೇವಾರಿ ಮಾಡಿದ ಲೆಕ್ಕದಲ್ಲಿತ್ತು. ವಿಭೂತಿ, ಪತ್ರೆ, ಮಂತ್ರ, ಹಿಡಿ ಮಣ್ಣು. ಇವೆಲ್ಲ ಯಾರಿಗೆ ಮಾಡುವಂಥವು? ಅಲ್ಲಿ ಅರ್ಧ ಸಂಸ್ಕಾರ ಮುಗಿಸಿ, ಇಲ್ಲಿ ಔಷಧಿ ಹಿಡಿಯಲಿಲ್ಲ ಎಂದರೆ ಹೇಗೆ ಹಿಡಿದೀತು? ಅವರಿಗೆ ಊಟ ಸೇರಲಿಲ್ಲ.

ಬೆಳಗ್ಗೆಯೇ ತೋಟಕ್ಕೆ ಹೋದರು. ಯಾವ ಮರದ ಬುಡ ಎಂದು ನೆನಪಾಗಲೊಲ್ಲದು. ನಡುವೆ ಗೊಬ್ಬರಕ್ಕೆಂದು ಪಾತಿ ಬೇರೆ ಬಿಡಿಸಿದ್ದರು. ತೋಟ ನೋಡಿಕೊಳ್ಳುವ ಹೊನ್ನಯ್ಯ ಬಂದು ನೋಡಿದರೆ, ಯಜಮಾನರು ಪಂಚೆ ಎತ್ತಿ ಕಟ್ಟಿ ಗುದ್ದಲಿ ಹಿಡಿದಿದ್ದಾರೆ.

"ಇದೇನ್ ಯಜಮಾನ್ರೆ? ಹಳೇಬೀಡಿನ ರಾಜ್ರು ನಮ್ ತೋಟದಾಗೂ ಬಂಗಾರ ಮಡಗವ್ರಾ?"

"ಬಾಯ್ಮುಚ್ಕೊಂಡು ಆ ಕಡೆ ಅಗಿಯಲಾ. ಬಿಳೀದೊಂದು ಬಿಲ್ಲೆ ಐತೆ, ಸಿಕ್ರೆ ಕೂಗು."

ಬಿಲ್ಲೆ ಎಂಬ ಮಾತು ಸಾಕಾಯಿತು. ಮಧ್ಯಾಹ್ನದೊಳಗೆ ಜಾವಗಲ್ಲಿನಿಂದ ಬೈಕುಗಳು ಬಂದು ಬದುವಿನ ಮೇಲೆ ನಿಂತವು. ನಿಧಿ ಎತ್ತುವ ಮೊದಲು ಬೂದುಗುಂಬಳ ಒಡೆಯಬೇಕೆಂದು ಒಬ್ಬ ಸಲಹೆ ಕೊಟ್ಟ. ಸಿಕ್ಕರೆ ಸರ್ಕಾರಕ್ಕೆ ಎಷ್ಟು ಕೊಡಬೇಕು ಎಂದು ಇನ್ನೊಬ್ಬ ವಿವರಿಸಿದ. ಬೇರೆ ದಿನವಾಗಿದ್ದರೆ ನಂಜಪ್ಪನವರು ಅವರಿಬ್ಬರಿಗಿಂತ ಹೆಚ್ಚಿನ ವಿವರ ಕೊಡುತ್ತಿದ್ದರು. ಅಂದು ತಲೆಯೆತ್ತದೆ ಅಗೆಯುತ್ತಲೇ ಇದ್ದರು.

ಹೊನ್ನಯ್ಯನ ಗುದ್ದಲಿಗೆ ಚೌಕಟ್ಟು ಸಿಕ್ಕಿತು. ಮೇಣವನ್ನು ಇಲಿಯೋ ಹೆಗ್ಗಣವೋ ಕೆರೆದು ತಿಂದಿತ್ತು. ಉಳಿದ ಅಂಚಿನ ತುಂಬ ಮಣ್ಣು, ಇರುವೆ. ಬದುವಿನ ಮೇಲಿದ್ದವರು ಬಗ್ಗಿ ನೋಡಿ, "ಥೂ, ಪ್ಲಾಸ್ಟಿಕ್ಕು ಕಣ್ಲಾ" ಎಂದು ಬೈಕು ಹತ್ತಿದರು.

ಮರುದಿನ ನಂಜಪ್ಪನವರು ಒಬ್ಬರೇ ಮೈಸೂರಿಗೆ ಹೋಗಿ, ಕರ್ಚೀಫಿನ ಗಂಟನ್ನು ಡಾಕ್ಟರ ಮುಂದೆ ಬಿಚ್ಚಿದರು. ಲತಾಮಣಿ ಬಹಳ ಹೊತ್ತು ನೋಡಿದರು.

"ಏನಾಗಿದೆ ಇದಕ್ಕೆ?"

ಹೇಳಿದರು. ಮಂತ್ರದ ವಿಷಯವನ್ನೂ ಬಿಡದೆ ಹೇಳಿದರು. ಆಮೇಲೆ, "ಅದಕ್ಕೇ ಔಷಧಿ ಹಿಡೀಲಿಲ್ವಾ ಡಾಕ್ಟ್ರೇ?" ಎಂದು ಕೇಳಿದರು.

"ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಗಡ್ಡೆಯ ಗುಣವೇ ಹಾಗೆ. ನೀವು ಇದನ್ನ ಪೂಜೆ ಮಾಡಿ ಇಟ್ಟಿದ್ರೂ ಔಷಧಿ ಹಿಡೀತಿರಲಿಲ್ಲ."

ನಂಜಪ್ಪನವರು ದೊಡ್ಡದಾಗಿ ಉಸಿರು ಬಿಟ್ಟರು.

"ಆದ್ರೆ ಇದರಲ್ಲಿ ಪರೀಕ್ಷೆ ಮಾಡೋಕಾಗಲ್ಲ. ಅವರ ಕೆನ್ನೆಯಿಂದ ಮತ್ತೆ ತೆಗೀಬೇಕು. ಅದು ಮಾತ್ರ ನಿಮ್ಮಿಂದ ಆದದ್ದು."

ಬಿಟ್ಟ ಉಸಿರು ಅವರಿಗೆ ವಾಪಸು ಸಿಗಲಿಲ್ಲ. ಮಣ್ಣಿನ ಪಾಪವಾಗಿದ್ದರೆ ಮಠಕ್ಕೆ ಹೋಗಿ ಏನಾದರೂ ಪರಿಹಾರ ಕೇಳಬಹುದಿತ್ತು. ಇದಕ್ಕೆ ಯಾರನ್ನು ಕೇಳುವುದು?

ಹೇಳುವ ಕೆಲಸವನ್ನು ಅಕ್ಷತಾಳಿಗೆ ಒಪ್ಪಿಸೋಣವೆಂದು ಬೇಲೂರಿನ ಬಾಗಿಲವರೆಗೂ ಅಂದುಕೊಂಡಿದ್ದರು. ಅವಳು ಇನ್ನೂ ಸ್ಕೂಲಿನಿಂದ ಬಂದಿರಲಿಲ್ಲ. ದ್ರಾಕ್ಷಾಯಣಿ ಒಬ್ಬಳೇ ತಲೆಗೆ ಸೆರಗು ಹೊದ್ದು ಕೂತಿದ್ದಳು. ನಂಜಪ್ಪನವರು ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಎಲ್ಲ ಹೇಳಿ ಮುಗಿಸಿದರು.

ಆಕೆ, "ಮಣ್ಣಿಗಿಟ್ಟಾಗ ಅತ್ತೆಯಾ?" ಎಂದಳು.

"ಎಲ್ಲಿ ಅಳೋದೇ, ಅಯ್ನೋರು ಅವಸರದಲ್ಲಿದ್ರು."

ದ್ರಾಕ್ಷಾಯಣಿಗೆ ನಗು ಬಂತು. ನಕ್ಕರೆ ಕೆನ್ನೆ ಎಳೆದು ಕಣ್ಣಲ್ಲಿ ನೀರು ಬಂತು. "ನನ್ನ ಸಾವಿಗೆ ಬಂದು ಅಳದೇ ಹೋದೋನು ನೀನೊಬ್ನೇ ಕಣೋ" ಎಂದಳು. ನಗು ನಿಂತ ಮೇಲೆ ಕೇಳಿದಳು: "ಮತ್ತೆ ಇಕ್ಕಳಾನಾ ಅಣ್ಣಯ್ಯ?"

"ಹೂಂ."

ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಆ ವಾರವೇ ಮೈಸೂರಿಗೆ ಹೋದರು. ಈ ಸಲ ಮರಗಟ್ಟಿಸುವ ಸೂಜಿ ಸರಿಯಾಗಿಯೇ ಕೊಡುತ್ತೇವೆ, ಆದರೂ ಹುಣ್ಣಿನ ಜಾಗ, ಪೂರ್ತಿ ನೋವಿಲ್ಲ ಅನ್ನಲಾಗದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ದ್ರಾಕ್ಷಾಯಣಿ ಯಾರನ್ನೂ ನೋಡದೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಳಗೆ ಪಾತ್ರೆಯಲ್ಲಿ ಸಲಕರಣೆ ಇಟ್ಟ ಸದ್ದು ಹೊರಗಿನ ಬೆಂಚಿಗೂ ಕೇಳಿಸುತ್ತಿತ್ತು.

ಅಕ್ಷತಾ ಮಾವನ ಮುಖ ನೋಡಿದಳು. ಅವಳಿಗೆ ಅವರ ಮೇಲೆ ಇನ್ನೂ ಸಿಟ್ಟಿತ್ತು, ಆದರೂ ಹೇಳಿದಳು: "ಮಾವ, ನೀವು ಕೆಳಗೆ ಕ್ಯಾಂಟೀನಿಗೆ ಹೋಗಿ ಕಾಫಿ ಕುಡೀರಿ. ಮುಗಿದ ಮೇಲೆ ಫೋನ್ ಮಾಡ್ತೀನಿ. ಇಲ್ಲಿದ್ರೆ ಅಮ್ಮ ಕೂಗಿದ್ದೆಲ್ಲ ಕೇಳ್ಸುತ್ತೆ."

ನಂಜಪ್ಪನವರು ಬೆಂಚಿನ ತುದಿಯಿಂದ ಎದ್ದು, ಬಾಗಿಲಿಗೆ ಇನ್ನಷ್ಟು ಹತ್ತಿರದ ಜಾಗಕ್ಕೆ ಬಂದು ಕೂತರು.

"ಕೇಳ್ಸಲಿ ಬಿಡಮ್ಮ" ಎಂದರು.