ಬಕದ ಹಿಂದಿನ ಬೋರ್ಡು
ತೈವಾನಿನ ಈ ಪಾರ್ಕಿನ ಕೊಳದಲ್ಲಿ ಬಕ ಗಂಟೆಗಟ್ಟಲೆ ಕಲ್ಲಿನಂತೆ ನಿಂತಿರುತ್ತದೆ, ನಿಂತಲ್ಲಿ ನಿಲ್ಲಲಾಗದವನು ಫಾಂಗ್ ಒಬ್ಬನೇ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವನು. ಕ್ಯಾಮೆರಾ ಸ್ಟ್ಯಾಂಡು ಊರುತ್ತಾನೆ, ಕೀಳುತ್ತಾನೆ, ಅಡಿಕೆ ಜಗಿಯುತ್ತ ಆ ದಡದಿಂದ ಈ ದಡಕ್ಕೆ ಓಡುತ್ತಾನೆ. ಸ್ಟೂಲು ಹಾಕಿ ಸಾಲಾಗಿ ಕೂತ ನಿವೃತ್ತ ಫೋಟೊಗ್ರಾಫರುಗಳಿಗೆ ಅವನೊಂದು ಪೀಡೆ. "ಕುಂಡಿ ಊರಯ್ಯ, ಹಕ್ಕಿಗೇ ತಲೆ ತಿರುಗುತ್ತೆ!" ಎಂದು ಅವರಲ್ಲೊಬ್ಬಳಾದ ಪೆಂಗ್ ಅಕ್ಕ ಗದರುತ್ತಾಳೆ. "ನಿಮ್ದೆಲ್ಲ ಗೋಡೆಗೆ ಹಾಕೋ ಫೋಟೊ ಅಕ್ಕ, ನಂದು ಸಾಕ್ಷಿ" ಎನ್ನುತ್ತಾನೆ. ಕೊಳ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಲು ಹೊರಟ ನಗರಾಡಳಿತದ ಕಚೇರಿಯವರು ಇಲ್ಲಿಗೆ ಹಕ್ಕಿಯೇ ಬರುವುದಿಲ್ಲ ಎಂದು ವರದಿ ಬರೆದಿದ್ದಾರೆ. ಅದಕ್ಕೇ ಅವನಿಗೆ ಬಕವೂ ಕೊಳದ ಹೆಸರಿನ ಬೋರ್ಡೂ ಒಂದೇ ಚಿತ್ರದಲ್ಲಿ ಬೇಕು. ಮರುದಿನವೇ ಈ ಬಗ್ಗೆ ಕಚೇರಿಯಲ್ಲಿ ಅಹವಾಲು ಸಭೆ ಎನ್ನುವಾಗ ಬಕ ಬೋರ್ಡಿನ ಮುಂದೆಯೇ ಮೀನು ಹಿಡಿಯಿತು, ಫಾಂಗ್ ಕ್ಲಿಕ್ಕಿಸಿದ. ಎಲ್ಲರೂ ಮುತ್ತಿಕೊಂಡರು. "ಅಬ್ಬಾ, ಹಿಂದಿರೋದನ್ನೆಲ್ಲ ಬೆಣ್ಣೆ ಥರ ಕರಗಿಸಿಬಿಟ್ಟಿದೀಯಲ್ಲೋ!" ಎಂದಳು ಪೆಂಗ್ ಅಕ್ಕ. ಹಕ್ಕಿಯೊಂದೇ ಎದ್ದು ಕಾಣಲೆಂದು ಹಿನ್ನೆಲೆಯನ್ನು ಮಸುಕಾಗಿಸುವುದು ಅಲ್ಲಿನವರೆಲ್ಲರ ರೂಢಿ. ಅವಸರದಲ್ಲಿ ಅವನ ಬೆರಳೂ ಅದನ್ನೇ ಮಾಡಿತ್ತು. ಬಕದ ಗರಿ ಗರಿಯೂ ಎಣಿಸುವಷ್ಟು ಸ್ಪಷ್ಟ, ಬೋರ್ಡಿನ ಒಂದಕ್ಷರವೂ ಇಲ್ಲ. ಫಾಂಗ್ ಕ್ಯಾಮೆರಾವನ್ನು ಅವರ ಮುಖಕ್ಕೆ ಹಿಡಿದ. "ಇದನ್ನ ನೋಡಿ ಹೇಳ್ರಪ್ಪ, ಇದು ಯಾವ ಕೊಳ?"