ಟೈಮಿಂಗ್ ಮುಂದ ಹೋಗೈತಿ

ಅಣ್ಣನ ರಜೆ ಮುಗಿಯಲು ನಾಲ್ಕೇ ದಿನ ಉಳಿದಿತ್ತು, ಇಂಜಿನ್ ಮಾತ್ರ ಹಟ ಬಿಟ್ಟಿರಲಿಲ್ಲ. ಸೈನ್ಯದಲ್ಲಿದ್ದ ಅವನು ಮೂರು ರಜೆಗಳಲ್ಲಿ ಕೂತು ಕಟ್ಟಿದ್ದ, ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನದ್ದು ಅದು. ಈ ಸಲ ಅಕ್ಕೋಳದ ನಮ್ಮ ಹೊಲದ ಮೇಲೆ ಹಾರಿಸಿಯೇ ಹೋಗುತ್ತೇನೆ ಎಂದಿದ್ದ. ಇಂಜಿನ್ ಸರಿಮಾಡುವ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಅಳೆದರೆ ಎಲ್ಲ ಗೊತ್ತಾಗುತ್ತದೆ ಎಂಬ ಜಂಬ ಬೇರೆ.

ಅಳೆಯುವುದೇನು, ಮಣ್ಣು! ಬೈಕಿನ ಇಂಜಿನ್ನಿನಲ್ಲಿ ಕಿಡಿ ಹಾರುತ್ತದೆ. ಟೈಮಿಂಗ್ ಲೈಟ್ ಹಿಡಿದರೆ ಯಾವಾಗ ಹಾರಿತೆಂದು ಕಾಣುತ್ತದೆ. ಇದರಲ್ಲಿ ಕಿಡಿಯೇ ಇಲ್ಲ. ಗ್ಲೋ ಪ್ಲಗ್ಗಿನಲ್ಲಿ ಕೂದಲೆಳೆಯಂಥ ತಂತಿಯ ಒಂದು ಸುರುಳಿ. ಶುರುವಿನಲ್ಲಿ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಬೇಕು, ಆಮೇಲೆ ಬ್ಯಾಟರಿ ತೆಗೆದರೂ ಕಾದೇ ಇದ್ದು ಇಂಧನಕ್ಕೆ ಬೆಂಕಿ ಹಚ್ಚುತ್ತದೆ. ಹೆಚ್ಚು ಕಾದರೆ ಬೇಗ, ಕಡಿಮೆ ಕಾದರೆ ತಡ. ನಾನು ಆನ್‌ಲೈನ್‌ನಲ್ಲಿ ತರಿಸಿದ್ದ ಥರ್ಮಾಮೀಟರ್ ಹೊರಗಿನ ಲೋಹದ ಬಿಸಿ ತೋರಿಸುತ್ತಿತ್ತೇ ಹೊರತು ಒಳಗಿನ ಸುರುಳಿಯದ್ದಲ್ಲ. ನೋಟ್‌ಬುಕ್ಕಿನ ಹನ್ನೊಂದು ಪುಟ ತುಂಬಿತು, ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಶುರುಮಾಡಲು ಪ್ರತಿ ಸಲ ಕೈಯಿಂದ ತಿರುಗಿಸಿದಾಗಲೂ ವಿಮಾನದ ಮೂತಿಯ ಫ್ಯಾನು ಉಲ್ಟಾ ಬಂದು ಬೆರಳಿಗೆ ಹೊಡೆಯುತ್ತಿತ್ತು.

ಕೊನೆಗೆ ನಿಪ್ಪಾಣಿಗೆ ಒಯ್ದು, ನನ್ನ ಸ್ಕೂಟಿ ರಿಪೇರಿ ಮಾಡುವ ಮಿಸ್ತ್ರಿಗೆ ತೋರಿಸಿದೆ. ಅವರು ಯಾವ ಲೈಟನ್ನೂ ಹಿಡಿಯಲಿಲ್ಲ. ಎರಡು ಸಲ ಫ್ಯಾನು ತಿರುಗಿಸಿ ಏಟು ತಿಂದು, ಬೆರಳು ಜಾಡಿಸಿಕೊಂಡು ಹೇಳಿದರು: “ಟೈಮಿಂಗ್ ಭಾಳ ಮುಂದ ಹೋಗೈತ್ರಿ ಅಕ್ಕೋರ.”

ಮುಂದೆ ಹೋಗಿದೆ ಎಂದರೆ ತಡವಾಗಿದೆ. ನಮ್ಮ ಶಾಲೆಯಲ್ಲಿ ಪರೀಕ್ಷೆ ಮುಂದೆ ಹೋಯಿತೆಂದರೆ ಮತ್ತೇನು ಅರ್ಥ? ಮನೆಗೆ ಬಂದು ಇನ್ನೂ ಹೆಚ್ಚು ಕಾವು ಹಿಡಿಯುವ ಪ್ಲಗ್ ಹಾಕಿದೆ. ಅರ್ಥವಾಗದಿದ್ದರೆ ಕೇಳಿ ಎಂದು ದಿನಾ ಮಕ್ಕಳಿಗೆ ಬೊಬ್ಬೆ ಹಾಕುವ ನಾನು ಮಿಸ್ತ್ರಿಯನ್ನು ಒಂದು ಮಾತೂ ಕೇಳಿರಲಿಲ್ಲ.

ಭಾನುವಾರ ಹೊಲದಲ್ಲಿ ಇಂಜಿನ್ ಶುರುವಾಯಿತು, ಅರ್ಧ ನಿಮಿಷ ಚೀರಿತು, ನಿಂತಿತು. ಸುರುಳಿ ತುಂಡಾಗಿ ಒಳಗೆ ಬಿದ್ದು ಪಿಸ್ಟನ್ನು, ಸಿಲಿಂಡರು ಎರಡನ್ನೂ ಗೀರಿಹಾಕಿತ್ತು. ಅಣ್ಣ ಟವೆಲಿನಿಂದ ವಿಮಾನದ ರೆಕ್ಕೆ ಒರೆಸುತ್ತ ಕೂತ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ಜಗಳಕ್ಕೆಂದೇ ಮಿಸ್ತ್ರಿಯ ಹತ್ತಿರ ಹೋದೆ. ನಾನು ಮಾಡಿದ್ದನ್ನು ಕೇಳಿ ಅವರು ಹಣೆ ಒತ್ತಿಕೊಂಡರು. “ಮುಂದ ಅಂದ್ರ ಮೊದಲ್ರಿ. ಓಟದಾಗ ಮುಂದ ಇದ್ದಾಂವ ಮೊದಲ ಮುಟ್ಟತಾನಲ್ರಿ?” ಎಂದರು. ಅಂದರೆ ಬೆಂಕಿ ಮೊದಲೇ ಬೇಗ ಹತ್ತುತ್ತಿತ್ತು, ನಾನು ಅದನ್ನು ಇನ್ನೂ ಬೇಗ ಮಾಡಿದ್ದೆ. ಬಂದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಕಿಟಕಿಯಿಂದ ಕೈ ಚಾಚಿ ಫ್ಯಾನಿನ ಏಟು ತಿಂದ ನನ್ನ ಬೆರಳಿನ ಪಟ್ಟಿ ಮುಟ್ಟಿದ.

“ಇರ್ಲಿ ಬಿಡ ತಂಗಿ, ಮುಂದ ಹಾರಸೂನು.”

ಇನ್ನೊಂದು ರಜೆ ಯಾವಾಗೆಂದು ಅವನಿಗೇ ಗೊತ್ತಿರಲಿಲ್ಲ. ಈ ‘ಮುಂದ’ ಎಂದರೆ ಏನೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.